ಸಕಲೇಶಪುರದಲ್ಲಿ ರೈಲು ನಿಂತಿದೆ, 14 ವರ್ಷದಿಂದ ಮಾತಾಡದ ಗೆಳೆಯನಿಗೆ ಫೋನ್ ಮಾಡಲಾ?

ಎಣ್ಣೆ ಇಂಜಿನಿಯರ್ (ಬೆಳಗ್ಗೆ 5:10)

ನಮಸ್ಕಾರ. ಈ ಹೊತ್ತಿನಲ್ಲಿ ಯಾರು ಎದ್ದಿರ್ತೀರೋ ಗೊತ್ತಿಲ್ಲ. ಆದರೂ ಕೇಳ್ತಿದ್ದೀನಿ. (ಹೊಸಬರು ಹೆಸರು ನೋಡಿ ನಗಬೇಡಿ. ಟ್ರಾನ್ಸ್‌ಫಾರ್ಮರ್ ಒಳಗಿನ ಎಣ್ಣೆ ಪರೀಕ್ಷೆ ಮಾಡೋದು ನನ್ನ ಕೆಲಸ. ಬೇರೆ ಎಣ್ಣೆ ಅಲ್ಲ.)

ಬೆಂಗಳೂರಿನಿಂದ ಮಂಗಳೂರಿಗೆ ಹೊರಟಿದ್ದೆ. ರೈಲು ಸಕಲೇಶಪುರದಲ್ಲಿ ನಿಂತು ಒಂದು ಗಂಟೆ ಮೇಲಾಯಿತು. ಘಾಟ್ ಇಳಿಯುವ ಮೊದಲು ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋದು ಮಾಮೂಲಿ. ಅದಕ್ಕೇ ಮಗ್ಗುಲು ಬದಲಿಸಿ ಮಲಗಿಬಿಟ್ಟಿದ್ದೆ. ಎದುರು ಬರ್ತಿನ ಅಜ್ಜಿ ಎಬ್ಬಿಸಿ 'ಗುಡ್ಡೆ ಜರಿದಿದೆಯಂತೆ ಮಾರಾಯ್ರೆ' ಅಂದರು. ಮುಂದೆ ಎಲ್ಲೋ ಹಳಿ ಮೇಲೆ ಮಣ್ಣು ಬಂದಿದೆ. ತೆಗೆಯೋದಕ್ಕೆ ಎಷ್ಟು ಹೊತ್ತು ಅಂದರೆ ಯಾರಿಗೂ ಗೊತ್ತಿಲ್ಲ. ದೋಣಿಗಾಲ್ ಹತ್ತಿರ ರಸ್ತೆಯೂ ಕೆಟ್ಟಿದೆ ಅಂತ ಟೀ ಮಾರುವ ಹುಡುಗ ಹೇಳಿದ. ಅಂದರೆ ಬಸ್ಸೂ ಇಲ್ಲ.

ನನ್ನ ಪ್ರಶ್ನೆ ರೈಲಿನದ್ದಲ್ಲ. ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಹಾನುಬಾಳು ಕಡೆ, ನನ್ನ ಹಾಸ್ಟೆಲ್ ಗೆಳೆಯನ ತೋಟ ಇದೆ. ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ, 1996ರಿಂದ 2000ದ ತನಕ, ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದೆವು. ಅವನ ಹೆಸರು ಇಲ್ಲಿ ಬೇಡ. ಹಾಸ್ಟೆಲ್‌ನಲ್ಲಿ ಎಲ್ಲರೂ ಕಡುಬು ಅಂತಲೇ ಕರೆಯುತ್ತಿದ್ದರು. ಮೆಸ್ಸಿನಲ್ಲಿ ಇಡ್ಲಿ ಮಾಡಿದ ದಿನವೆಲ್ಲ 'ಇದೂ ಒಂದು ತಿಂಡಿನಾ? ನಮ್ಮನೆ ಕಡುಬು ತಿಂದು ನೋಡ್ರೋ' ಅಂತ ಶುರು ಮಾಡುತ್ತಿದ್ದ, ಅದಕ್ಕೆ.

2011ರಲ್ಲಿ ಅವನ ಅಮ್ಮನಿಗೆ ತುಂಬಾ ಹುಷಾರಿಲ್ಲದೆ ಬೆಂಗಳೂರಿಗೆ ಕರೆತಂದಿದ್ದ. ನನಗೆ ಫೋನ್ ಮಾಡಿದ. ರಕ್ತ ಬೇಕಿತ್ತು. ನನ್ನದು ಓ ನೆಗೆಟಿವ್. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಗೊತ್ತಾಗಿದ್ದು, ಅವನು ಅಷ್ಟು ವರ್ಷ ನೆನಪಿಟ್ಟುಕೊಂಡಿದ್ದ. 'ಸೈಟಿನಲ್ಲಿದ್ದೀನಿ ಕಣೋ, ಸಂಜೆ ಬರ್ತೀನಿ' ಅಂದೆ. ಹೋಗಲಿಲ್ಲ. ಒಂದು ಟ್ರಾನ್ಸ್‌ಫಾರ್ಮರ್ ಕೆಟ್ಟು ಕೂತಿತ್ತು, ರಾತ್ರಿ ಎರಡರ ತನಕ ಅಲ್ಲೇ ಇದ್ದೆ. ಮಾರನೇ ದಿನ ಮಲಗಿದೆ. ಅದರ ಮಾರನೇ ದಿನ ಯಾಕೋ ಮಾಡಲಿಲ್ಲ. ನಾಲ್ಕನೇ ದಿನ ಒಂದು ಮೆಸೇಜ್ ಹಾಕಿದೆ, ಉತ್ತರ ಬರಲಿಲ್ಲ. ಎರಡು ತಿಂಗಳಾದ ಮೇಲೆ ಅವರು ಹೋದರು. ಬೇರೆ ಯಾರಿಂದಲೋ ಗೊತ್ತಾಯಿತು. ತಿಥಿಗೂ ಹೋಗಲಿಲ್ಲ, ಮುಖ ತೋರಿಸೋಕೆ ಆಗದೆ.

ಈಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅವನ ನಂಬರ್ ನೋಡ್ತಿದ್ದೀನಿ. ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿನಲ್ಲಿದೆ. ಫೋನ್ ಮಾಡಲಾ? ಹದಿನಾಲ್ಕು ವರ್ಷ ಇಲ್ಲದ್ದು, ರೈಲು ನಿಂತಿದ್ದಕ್ಕೆ ನೆನಪಾದ್ನಾ ಅನ್ನಲ್ವಾ? ನಾನಾಗಿದ್ದರೆ ಅಂತಿದ್ದೆ.

ಹಳಿ ಮೇಲೊಬ್ಬ (5:32)

ಸರ್, ಆ ದಾರಿ ನನಗೆ ಚೆನ್ನಾಗಿ ಗೊತ್ತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿಲೋಮೀಟರ್, ಅದರಲ್ಲಿ 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಜಾರು. ಯಡಕುಮೇರಿ ಆಸುಪಾಸಿನಲ್ಲಿ ಬಿದ್ದಿದ್ದರೆ ಇವತ್ತು ಆಸೆ ಬಿಡಿ. ಅಲ್ಲಿಗೆ ಸರಿಯಾದ ರಸ್ತೆ ಇಲ್ಲ. ಮಣ್ಣು ತೆಗೆಯೋ ಯಂತ್ರ, ಕಲ್ಲು, ಆಳು, ಊಟ ಎಲ್ಲ ಹಳಿ ಮೇಲೇ ಹೋಗಬೇಕು. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ–ಕಡಗರವಳ್ಳಿ ಮಧ್ಯೆ ಕುಸಿದಾಗ ಹತ್ತು ದಿನಕ್ಕೂ ಮೇಲೆ ಪ್ರಯಾಣಿಕರ ರೈಲು ನಿಂತಿತ್ತು.

ರೈಲು ರದ್ದಾದರೆ ಟಿಕೆಟ್ ದುಡ್ಡು ವಾಪಸ್ ಬರುತ್ತೆ, ಅರ್ಧ ದಾರಿ ಅಂತ ಬಿಡಬೇಡಿ, ಟಿಡಿಆರ್ (ದುಡ್ಡು ವಾಪಸ್ ಕೇಳುವ ಅರ್ಜಿ) ಹಾಕಿ.

ಫೋನ್ ವಿಷಯ ನನಗೆ ಹೇಳೋಕೆ ಬರಲ್ಲ.

ಶಿರಸಿ ಅಕ್ಕ (5:41)

ತಮ್ಮಾ, ತೋಟದ ಮನೆಯವರು ಐದಕ್ಕೇ ಎದ್ದಿರ್ತಾರೆ. ಮಾಡು.

ಫೋನಿನಲ್ಲಿ ಕ್ಷಮೆ ಗಿಮೆ ಕೇಳಬೇಡ. ಬೆಳಗ್ಗೆ ಐದೂವರೆಗೆ ಯಾರಿಗೂ ಅದು ಬೇಕಿಲ್ಲ. 'ಸ್ಟೇಷನ್ನಿನಲ್ಲಿದ್ದೀನಿ, ರೈಲು ಹೋಗ್ತಿಲ್ಲ' ಅನ್ನು, ಸಾಕು. ಬಾ ಅನ್ನೋದು ಬಿಡೋದು ಅವನಿಗೆ ಬಿಟ್ಟದ್ದು. ಮತ್ತೆ ಬರಿಗೈಯಲ್ಲಿ ಹೋಗಬೇಡ. ಅಲ್ಲಿ ಏನು ಸಿಗುತ್ತೋ ಅದು, ಬಾಳೆಹಣ್ಣಾದರೂ ಸರಿ. ಅವನ ಅಪ್ಪ ಇದ್ದಾರಾ? ಇದ್ದರೆ ಮೊದಲು ಅವರ ಹತ್ತಿರ ಹೋಗಿ ಕೂತ್ಕೋ.

ಫ್ರಾಂಕ್‌ಫರ್ಟ್ ದಾವಣಗೆರೆ (5:58)

ಇಲ್ಲಿ ಇನ್ನೂ ರಾತ್ರಿ. ನಿದ್ದೆ ಬರದೆ ಓದ್ತಿದ್ದೆ. ನನ್ನದೊಂದು ಉಲ್ಟಾ ಅನುಭವ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಎದ್ದು ಯುರೋಪಿನಲ್ಲಿ ಹೆಚ್ಚುಕಡಿಮೆ ಆರು ದಿನ ವಿಮಾನ ಹಾರಲಿಲ್ಲ, ನೆನಪಿದೆಯಾ? ನಾನು ಆಗ ಕೆಲಸದ ಮೇಲೆ ಬಂದು ಇದೇ ಊರಿನಲ್ಲಿ ಸಿಕ್ಕಿಕೊಂಡೆ. ದಾವಣಗೆರೆಯಲ್ಲಿ ಹೈಸ್ಕೂಲು ಓದಿದ ಗೆಳೆಯ ಇಲ್ಲೇ ಇದ್ದ. ಫೋನ್ ಮಾಡಿದೆ, ಖುಷಿಯಿಂದ ಬಂದು ಕರಕೊಂಡು ಹೋದ. ಮೊದಲ ರಾತ್ರಿ ಮೂರು ಗಂಟೆ ತನಕ ಮಾತು. ಬೆಣ್ಣೆ ದೋಸೆ, ಮಂಡಕ್ಕಿ, ಮಿರ್ಚಿ, ಮೇಷ್ಟ್ರು, ಎಲ್ಲ ಆಯಿತು. ಎರಡನೇ ದಿನವೂ ಅದೇ ಮೇಷ್ಟ್ರು. ಮೂರನೇ ದಿನ ಮಾತು ಖಾಲಿ. ಎರಡು ರೂಮಿನ ಮನೆ, ಸಣ್ಣ ಮಗು, ಅವನ ಹೆಂಡತಿ ನನ್ನ ಸಾಕ್ಸ್ ಒಗೆದು ಹೀಟರ್ ಮೇಲೆ ಹಾಕಿದ್ದರು. ಅವತ್ತು ನನಗೆ ಅರ್ಥ ಆಯಿತು. ಆದರೆ ವಿಮಾನ ಇಲ್ಲವಲ್ಲ, ಎಲ್ಲಿಗೆ ಹೋಗೋದು? ಐದು ದಿನ ಇದ್ದೆ. ಈಗ ನಾನೂ ಇದೇ ಊರಿನಲ್ಲಿದ್ದೀನಿ, ವರ್ಷಕ್ಕೊಮ್ಮೆ ಕನ್ನಡ ಸಂಘದಲ್ಲಿ ಸಿಕ್ಕರೆ 'ಆರಾಮಾ?' ಅಂತೀವಿ, ಅಷ್ಟೇ.

ಹೋಗಿ. ಒಂದು ರಾತ್ರಿಗಿಂತ ಜಾಸ್ತಿ ಇರಬೇಡಿ.

ಕೋಟೆ ಕೊತ್ತಲ (6:03)

ಸಕಲೇಶಪುರದಲ್ಲಿ ಇದ್ದೀರಿ ಅಂದಮೇಲೆ ಮಂಜರಾಬಾದ್ ಕೋಟೆ ನೋಡಿಕೊಂಡು ಬನ್ನಿ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ಇಂಥ ಅವಕಾಶ ಮತ್ತೆ ಸಿಗಲ್ಲ.

ಎಣ್ಣೆ ಇಂಜಿನಿಯರ್ (6:15)

ಕೋಟೆ ಬಿಡಿ ಸ್ವಾಮಿ, ಮಳೆಯಲ್ಲಿ ನಮ್ಮ ರೈಲಿನ ಎಂಜಿನ್ನೇ ಕಾಣ್ತಿಲ್ಲ.

ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದ. ನಾನು ಹೆಸರು ಹೇಳೋ ಮೊದಲೇ 'ಎಲ್ಲಿದ್ದೀಯೋ?' ಅಂದ. ಸ್ಟೇಷನ್ ಅಂದೆ. 'ನಡಕೊಂಡು ಗಿಡಕೊಂಡು ಹೊರಡಬೇಡ, ಆನೆ ಇದಾವೆ. ಅಲ್ಲೇ ಇರು' ಅಂತ ಇಟ್ಟುಬಿಟ್ಟ. ಇಷ್ಟೇ ಮಾತು. ಸಿಟ್ಟೋ ಏನೋ ಗೊತ್ತಾಗಲಿಲ್ಲ.

ಅಕ್ಕಾ, ಅಪ್ಪ ಇದ್ದಾರೆ. 84 ಇರಬೇಕು. ಬೇಕರಿ ಒಂದು ತೆಗೆದಿದೆ, ಬಾಳೆಹಣ್ಣೂ ಖಾರದ ಬನ್ನೂ ಕಟ್ಟಿಸಿದ್ದೀನಿ. ಆಮೇಲೆ ಬರೀತೀನಿ.

ಶಿರಸಿ ಅಕ್ಕ (ರಾತ್ರಿ 9:20)

ಏನಾಯ್ತು ತಮ್ಮಾ? ಬರಿ.

ಎಣ್ಣೆ ಇಂಜಿನಿಯರ್ (ಮೂರು ದಿನದ ನಂತರ)

ಕ್ಷಮಿಸಿ, ಅಲ್ಲಿ ಸಿಗ್ನಲ್ ಇರಲಿಲ್ಲ. ಕರೆಂಟೂ ಇರಲಿಲ್ಲ. ಈಗ ಬೆಂಗಳೂರಿನಲ್ಲಿದ್ದೀನಿ. ಉದ್ದ ಆಗುತ್ತೆ, ಬಿಡುವಿದ್ದವರು ಓದಿ.

ಅವನೇ ಜೀಪು ತಂದಿದ್ದ. ಗಂಬೂಟು, ತಲೆಗೆ ಮಂಕಿ ಕ್ಯಾಪು, ಗಡ್ಡವೆಲ್ಲ ಬಿಳಿ. ಕೈ ಕೊಡೋಕೆ ಹೋದೆ, ಅವನು ನನ್ನ ಬ್ಯಾಗ್ ಇಸಕೊಂಡು ಹಿಂದಕ್ಕೆ ಎಸೆದ. 'ದಪ್ಪ ಆಗಿದ್ದೀಯ' ಅಂದ. ಅದೇ ಮೊದಲ ಮಾತು. ಆ ಜೀಪಿನಲ್ಲಿ ಡ್ರೈವರ್ ಕಡೆ ವೈಪರ್ ಮಾತ್ರ ಆಡುತ್ತೆ. ನನ್ನ ಕಡೆ ಗಾಜು ಒಳಗಿಂದ ಮಂಜು ಹಿಡಿಯುತ್ತಿತ್ತು. ನಾನು ಬಟ್ಟೆಯಲ್ಲಿ ಒರೆಸೋದು, ಅವನು ಓಡಿಸೋದು. ಅಷ್ಟು ದೂರಕ್ಕೆ ಒಂದು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ರಸ್ತೆ ವಿಷಯ ಬಿಟ್ಟು ಬೇರೇನೂ ಮಾತಿಲ್ಲ. ಇಲ್ಲಿ ಮರ ಬಿದ್ದಿತ್ತು, ಇಲ್ಲಿ ಮೋರಿ ಹೋಯ್ತು, ಇಲ್ಲಿ ಹೋದ ವಾರ ಒಂಟಿ ಸಲಗ ನಿಂತಿತ್ತು. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಮೆಸೇಜ್ ಕಳಿಸುತ್ತಾರಂತೆ. ಬೆಳಗ್ಗೆ ಎದ್ದರೆ ನಾವು ಹವಾಮಾನ ನೋಡ್ತೀವಿ, ಅವರು ಆನೆ ನೋಡ್ತಾರೆ.

ಹೆಂಚಿನ ಮನೆ. ಮಳೆಗಾಲದಲ್ಲಿ ಹೆಂಚಿನ ಕೆಳಗೆ ಕೂತು ಮಾತಾಡಿದವರಿಗೆ ಗೊತ್ತಿರುತ್ತೆ, 'ಉಪ್ಪು ಕೊಡಿ' ಅನ್ನೋದನ್ನೂ ಕೂಗಿ ಹೇಳಬೇಕು. ಅವನ ಹೆಂಡತಿಯನ್ನು ನಾನು ನೋಡಿದ್ದೇ ಮೊದಲ ಸಲ. ಮದುವೆಗೂ ಹೋಗಿರಲಿಲ್ಲವಲ್ಲ, ಆಗ ಗುಜರಾತಿನಲ್ಲಿದ್ದೆ. 'ಬನ್ನಿ ಅಣ್ಣ, ಹಂಡೆಯಲ್ಲಿ ಬಿಸಿನೀರಿದೆ, ಮೊದಲು ಕಾಲು ನೋಡ್ಕೊಳ್ಳಿ' ಅಂದರು. ನೋಡಿದರೆ ಎಡಗಾಲಿನ ಬೆರಳ ಸಂದಿಯಲ್ಲಿ ಎರಡು ಇಂಬಳ. ಜೀಪಿಂದ ಬಾಗಿಲಿಗೆ ಹದಿನೈದು ಹೆಜ್ಜೆ ನಡೆದಿದ್ದೆ, ಅಷ್ಟರಲ್ಲಿ! ಬೆಂಗಳೂರಿನವರು ಜಿಗಣೆ ಅಂತೀವಲ್ಲ, ಅದೇ. ಸುಣ್ಣ ಮುಟ್ಟಿಸಿದ ತಕ್ಷಣ ಬಿದ್ದವು. ರಕ್ತ ಮಾತ್ರ ಅರ್ಧ ಗಂಟೆ ನಿಲ್ಲಲಿಲ್ಲ. ಕಡುಬು ನೋಡ್ತಾ ನಿಂತಿದ್ದ. ನಮ್ಮಿಬ್ಬರಿಗೂ ಒಂದೇ ನೆನಪು ಬಂದಿರಬೇಕು. ಇಬ್ಬರೂ ಏನೂ ಅನ್ನಲಿಲ್ಲ.

ಅಕ್ಕ ಹೇಳಿದ ಹಾಗೆ ಅಪ್ಪಾಜಿ ಹತ್ತಿರ ಹೋಗಿ ಕೂತೆ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಬೆಲ್ಲದ ಕಾಫಿ ಬಂತು, ಕುಡಿದೆವು. ಗೋಡೆ ಗಡಿಯಾರ ಎಂಟೂಕಾಲು ತೋರಿಸಿದ್ದೇ ತಡ ಎದ್ದು ನಿಂತರು. 'ಛತ್ರಿ ಹಿಡಿ ಬಾ' ಅಂದರು.

ಮಳೆ ಅಳೆಯೋಕೆ. ಕಾಫಿ ತೋಟದವರಿಗೆ ಇದು ಪೂಜೆ ಇದ್ದ ಹಾಗೆ ಅಂತ ಹಾಸ್ಟೆಲ್‌ನಲ್ಲೇ ಕೇಳಿದ್ದೆ. ಅಲ್ಲಿನವರು ಮಿಲಿಮೀಟರ್ ಗಿಲಿಮೀಟರ್ ಅನ್ನಲ್ಲ. ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು. ಅಂಗಳದ ಮೂಲೆಯಲ್ಲಿ, ಮರದ ಹನಿ ಬೀಳದ ಜಾಗದಲ್ಲಿ, ರೇನ್‌ಗೇಜ್ ನೆಟ್ಟಿದ್ದಾರೆ. ಮೇಲೆ ಆಲಿಕೆ, ಒಳಗೆ ಬಾಟಲಿ. ಬಾಟಲಿಯ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಬೇಕು. ಆ ಗ್ಲಾಸಿಗೆ ಹಿಡಿಸೋದೇ ಅರ್ಧ ಇಂಚು. ಹಿಂದಿನ ದಿನದ ಮಳೆಗೆ ಏಳು ಸಲ ತುಂಬಿ ಚೆಲ್ಲಬೇಕಾಯಿತು. ಎಂಟನೇ ಸಲ ಗ್ಲಾಸು ಪೂರ್ತಿ ತುಂಬಲಿಲ್ಲ. ಅವರ ಕೈ ನಡುಗುತ್ತೆ, ಅದಕ್ಕೇ ನನ್ನ ಕೈಗೆ ಕೊಟ್ಟರು. ಛತ್ರಿ ಕಂಕುಳಲ್ಲಿ, ಗ್ಲಾಸು ಕಣ್ಣಿನ ಮಟ್ಟಕ್ಕೆ.

'ಮೂವತ್ತೈದು' ಅಂದೆ.

'ಅಂಚು ನೋಡ್ತಿದ್ದೀಯ. ನೀರಿನ ಹೊಟ್ಟೆ ನೋಡು.'

ನೀರು ಮಧ್ಯದಲ್ಲಿ ತಗ್ಗಿರುತ್ತಲ್ಲ, ಅಲ್ಲಿ ನೋಡಿದೆ. ಮೂವತ್ತೆರಡು. ಇಪ್ಪತ್ತೈದು ವರ್ಷದಿಂದ ಗಾಜಿನ ಪಾತ್ರೆ ಹಿಡಿದು ಎಣ್ಣೆ ಅಳೆಯುವವನು ನಾನು. ನಮ್ಮ ಲ್ಯಾಬಿಗೆ ಬರುವ ಹುಡುಗರಿಗೆ ಇದನ್ನೇ ಹೇಳಿಕೊಡ್ತೀನಿ. ನನಗೇ ನಾಚಿಕೆ ಆಯಿತು. 'ಮೂರು ಎಂಬತ್ತೆರಡು' ಅಂತ ಅವರು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಒಳಗೆ ಬಂದರು, ಡೈರಿಗೆ ಬರೆಯುವ ತನಕ ಮರೆಯಬಾರದಲ್ಲ.

ಒಂದು ಗೋಡೆ ಬೀರು ತುಂಬಾ ಡೈರಿ. 1968ರಿಂದ ಒಂದು ವರ್ಷವೂ ಬಿಟ್ಟಿಲ್ಲ. ದಿನಕ್ಕೆ ಒಂದು ಸಾಲು, ಜಾಸ್ತಿ ಅಂದರೆ ಎರಡು. ಮೊದಲು ಮಳೆ, ಆಮೇಲೆ ಏನಾದರೂ ಇದ್ದರೆ ಅದು. 'ಹೂ ಮಳೆ ಬಂತು.' 'ಮೆಣಸು ಕೊಯ್ಲು ಮುಗಿಯಿತು.' 'ಹಸು ಕರು ಹಾಕಿತು.' ನಾನು ಯಾವಾಗ ಬಂದಿದ್ದೆ ಅಂತ ಕೇಳಿದರು. 1999ರ ಆಗಸ್ಟ್ ಅಂದೆ. ಆ ವರ್ಷದ್ದು ತೆಗೆದರು. ಗೆದ್ದಲು ಒಂದು ಅಂಚು ತಿಂದಿತ್ತು.

'15-8-99. 2-10. ಮಗ, ಇಬ್ಬರು ಸ್ನೇಹಿತರು ರಾತ್ರಿ ಬಂದರು. ಟಾರ್ಚ್ ಕಳೆದಿದ್ದಾರೆ.'

ಓದಿ ಮುಗಿಸಿ ತಲೆ ಎತ್ತಿ ನನ್ನನ್ನೇ ನೋಡಿದರು. 'ನೀನೇನೋ ಅದು?' ಅಂದರು. ಈಗ ಗುರುತು ಸಿಕ್ಕಿತು!

ಕಥೆ ಇಷ್ಟು. ಆಗ ಘಾಟಿನಲ್ಲಿ ಮೀಟರ್ ಗೇಜ್ ರೈಲು ನಿಲ್ಲಿಸಿದ್ದರು. ಬ್ರಾಡ್ ಗೇಜ್ ಆಗಿ ಜನರ ರೈಲು ಮತ್ತೆ ಶುರುವಾಗಿದ್ದು 2007ರ ಡಿಸೆಂಬರ್‌ನಲ್ಲಿ. ಮಧ್ಯದ ವರ್ಷಗಳಲ್ಲಿ ಹಳಿ ಮೇಲೆ ಚಾರಣ ಹೋಗೋದು ನಮ್ಮಂಥ ಹುಡುಗರಿಗೆಲ್ಲ ಹುಚ್ಚು. (ಈಗ ಹೋಗಬೇಡಿ. ರೈಲು ಓಡುತ್ತೆ, ನಿಷೇಧ ಇದೆ.) ನಾನು, ಕಡುಬು, ಮತ್ತೆ ಗೂಡ್ಸ್ ಅಂತ ಇನ್ನೊಬ್ಬ. ಎಲ್ಲಿಗೆ ಕರೆದರೂ ಎರಡು ಗಂಟೆ ತಡ, ಅದಕ್ಕೆ ಗೂಡ್ಸ್. ದೋಣಿಗಾಲಿನಲ್ಲಿ ಹಳಿ ಹತ್ತಿ ಯಡಕುಮೇರಿ ಸ್ಟೇಷನ್ನಿನಲ್ಲಿ ಮಲಗಿ ಮಾರನೇ ದಿನ ವಾಪಸ್. ಸುರಂಗದೊಳಗೆ ಬಾವಲಿ, ಕತ್ತಲೆ, ಹಳಿಯ ಪಕ್ಕ ಹರಿಯುವ ನೀರು. ಅಪ್ಪಾಜಿಯ ಮೂರು ಸೆಲ್ಲಿನ ಎವರೆಡಿ ಟಾರ್ಚ್ ಕಡುಬು ಕೇಳದೇ ತಂದಿದ್ದ. ಹಿತ್ತಾಳೆಯದು, ಮೇಲೆ ಬೆಳ್ಳಿ ಬಣ್ಣದ ಲೇಪ. ವಾಪಸ್ ಬರುವಾಗ ಒಂದು ಸೇತುವೆ ಮೇಲೆ ಕೆಳಗೆ ಎಷ್ಟು ಆಳ ಇದೆ ಅಂತ ಬೆಳಕು ಬಿಟ್ಟು ನೋಡೋಕೆ ಹೋದೆ. ಕೈ ಜಾರಿತು. ಉರಿಯುತ್ತಲೇ ಬಿತ್ತು. ತಿರುಗಿ ತಿರುಗಿ ಬೀಳುವಾಗ ಬೆಳಕು ಒಂದು ಸಲ ಕಂಬಕ್ಕೆ, ಒಂದು ಸಲ ಮರಕ್ಕೆ, ಒಂದು ಸಲ ನಮ್ಮ ಮುಖಕ್ಕೆ ಹೊಡೆಯಿತು. ಆಮೇಲೆ ಎಲ್ಲೋ ಕೆಳಗೆ ಪೊದೆಯೊಳಗೆ ಸುಮ್ನೆ ಉರೀತಾ ಕೂತಿತ್ತು. ನಾವು ಮೂರೂ ಜನ ಮೇಲಿಂದ ನೋಡ್ತಾ ನಿಂತಿದ್ದೆವು.

ಕಡುಬು ಅಪ್ಪನ ಹತ್ತಿರ ತಾನೇ ಕಳೆದೆ ಅಂದಿದ್ದನಂತೆ. ನನಗೆ ಇದು ಗೊತ್ತೇ ಇರಲಿಲ್ಲ. ಈಗ ನಾನೇ ಬಾಯಿಬಿಟ್ಟು ಸಿಕ್ಕಿಬಿದ್ದೆ. ಅಪ್ಪಾಜಿ ಪೆನ್ನು ತಗೊಂಡು 1999ರ ಆ ಸಾಲನ್ನು ತಿದ್ದಲಿಕ್ಕೆ ಹೋಗಿ, ಆಮೇಲೆ ಬೇಡ ಅಂತ ಮುಚ್ಚಿಟ್ಟರು.

ಅವರು ಊಟಕ್ಕೆ ಮುಂಚೆ ಮಲಗಿದರು. ಬೀರು ತೆಗೆದೇ ಇತ್ತು. ನಾನು ಮಾಡಿದ್ದು ತಪ್ಪು, ಗೊತ್ತು. 2011 ತೆಗೆದೆ. ಸೆಪ್ಟೆಂಬರ್ ಹುಡುಕಿದೆ. '1-15. ಬೆಂಗಳೂರಿಂದ ಫೋನ್. ರಕ್ತ ಸಿಕ್ಕಿತು.' ಅಷ್ಟೇ. ನವೆಂಬರ್‌ನಲ್ಲಿ ಇನ್ನೊಂದು ಸಾಲು. 'ಮಳೆ ಇಲ್ಲ. ಇವಳು ಹೋದಳು.' ಮಾರನೇ ದಿನವೂ ಬರೆದಿದ್ದಾರೆ. 'ಮಳೆ ಇಲ್ಲ.'

ಗೂಡ್ಸ್‌ಗೆ ಕಡುಬು ಬೆಳಗ್ಗೆಯೇ ಫೋನ್ ಮಾಡಿದ್ದ. ಅವನು ಹಾಸನದಲ್ಲಿ ಪಾಲಿಟೆಕ್ನಿಕ್ ಮೇಷ್ಟ್ರು. ಹಾಸನದಿಂದ ಸಕಲೇಶಪುರಕ್ಕೆ ನಲವತ್ತು ಕಿಲೋಮೀಟರ್. ಹನ್ನೊಂದಕ್ಕೆ ಬರ್ತೀನಿ ಅಂದವನು ಬಂದಿದ್ದು ನಾಲ್ಕಕ್ಕೆ. ಹೆಸರು ಉಳಿಸಿಕೊಂಡ. ಅವನು ಬಂದ ಮೇಲೆ ಮನೆಗೆ ಸದ್ದು ಬಂತು. ಮೂರು ಜನ ಇದ್ದರೆ ಮಾತು ತಾನಾಗಿ ಓಡುತ್ತೆ, ಇಬ್ಬರೇ ಇದ್ದಾಗ ಎಳೀಬೇಕು.

ರಾತ್ರಿ ಊಟಕ್ಕೆ ಕಡುಬು. (ತಿಂಡಿ.) ಅಕ್ಕಿ ತರಿ ಬೇಯಿಸಿ, ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸಿದ್ದು. ಜೊತೆಗೆ ಕಳಲೆ (ಎಳೆ ಬಿದಿರು) ಸಾರು, ಕಾಯಿ ಚಟ್ನಿ, ಮೇಲೆ ತುಪ್ಪ. 29 ವರ್ಷದಿಂದ ಕೇಳಿದ್ದ ಕಡುಬು. 1999ರಲ್ಲಿ ಬಂದಾಗ ಮಧ್ಯರಾತ್ರಿ ಆಗಿತ್ತು, ಮೊಸರನ್ನ ತಿಂದು ಮಲಗಿದ್ದೆವು. ಇದೇ ಮೊದಲು ತಿಂದದ್ದು. ನಿಜ ಹೇಳ್ತೀನಿ, ಅವನು ಹೇಳುತ್ತಿದ್ದಷ್ಟು ಅಲ್ಲ. ಕಳಲೆ ಸಾರು ಮಾತ್ರ ಬೇರೆಯೇ ಲೆವೆಲ್ಲು. ಐದು ಕಡುಬು ಇಳಿಯಿತು.

ಊಟದ ಮಧ್ಯದಲ್ಲೇ ಹೇಳಿಬಿಟ್ಟೆ. ಯೋಚನೆ ಮಾಡಿಟ್ಟಿದ್ದ ಮಾತು ಒಂದೂ ಬರಲಿಲ್ಲ. 'ಅವತ್ತು ನಾನು ಬರಬೇಕಿತ್ತು ಕಣೋ' ಅಂದೆ. ಗೂಡ್ಸ್ ತಟ್ಟೆ ನೋಡ್ತಾ ಕೂತ.

ಕಡುಬು ಸ್ವಲ್ಪ ಹೊತ್ತು ಅಗಿದ. 'ಏಳು ಗಂಟೆ ತನಕ ಗೇಟಿನ ಹತ್ರ ನಿಂತಿದ್ದೆ' ಅಂದ. 'ಆಮೇಲೆ ರಕ್ತನಿಧಿಯವರ ಪಟ್ಟಿಯಲ್ಲಿ ಇದ್ದ ಒಬ್ಬ ಆಟೋದವನು ಬಂದು ಕೊಟ್ಟ. ಬೆಂಗಳೂರಲ್ಲಿ ಮೀಟರ್ ಕೇಳದೇ ಬಂದ ಆಟೋ ಅದೊಂದೇ ನಾನು ನೋಡಿದ್ದು.'

ಹೆಂಚಿನ ಮೇಲೆ ಮಳೆ. ನಾನು ಏನೂ ಅನ್ನಲಿಲ್ಲ.

'ಕಳಲೆ ಇನ್ನೊಂಚೂರು ಹಾಕ್ಕೋ' ಅಂದ.

ಪರವಾಗಿಲ್ಲ ಬಿಡು ಅಂತ ಅವನು ಅನ್ನಲಿಲ್ಲ. ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಆದರೆ ಹಾಸಿಗೆ ಹಾಸುವಾಗ ಮೂರನ್ನೂ ಒಂದೇ ರೂಮಿನಲ್ಲಿ ಹಾಸಿದ. ಗೂಡ್ಸ್ ಗೊರಕೆ ಈಗಲೂ ಹಾಗೇ ಇದೆ.

ಫ್ರಾಂಕ್‌ಫರ್ಟಿನವರು ಹೇಳಿದ್ದು ನೆನಪಿಟ್ಟು ಮಾರನೇ ದಿನವೇ ಹೊರಟೆ. ಘಾಟ್ ತೆರೆದಿರಲಿಲ್ಲ. ಗೂಡ್ಸ್ ಜೊತೆ ಹಾಸನಕ್ಕೆ ಬಂದು ಬೆಂಗಳೂರು ಬಸ್ ಹತ್ತಿದೆ. ಮಂಗಳೂರಿನ ಕೆಲಸ ಮುಂದಕ್ಕೆ ಹೋಯಿತು. ಹೋಗಿದ್ದರೂ ಆಗುತ್ತಿರಲಿಲ್ಲ ಬಿಡಿ, ಇಂಥ ಮಳೆಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆ ಸ್ಯಾಂಪಲ್ ತೆಗೆದರೆ ತೇವ ಸೇರಿ ಎಲ್ಲಾ ಲೆಕ್ಕ ತಪ್ಪುತ್ತೆ. ಇದನ್ನು ಬಾಸಿಗೆ ಹೋಗುವ ಮೊದಲೇ ಹೇಳಿದ್ದೆ, ಕೇಳಲಿಲ್ಲ.

ಹೊರಡುವಾಗ ಅಪ್ಪಾಜಿ ಜಗುಲಿಗೆ ಬಂದರು. ಕಾಲಿಗೆ ಬಿದ್ದೆ. 'ಮುಂದಿನ ಸಲ ಬರುವಾಗ ಟಾರ್ಚ್ ತಗೊಂಡು ಬಾ' ಅಂದರು. ತಮಾಷೆ ಅಂತ ನಕ್ಕೆ. ಅವರು ನಗಲಿಲ್ಲ.

ಶಿರಸಿ ಅಕ್ಕ (ಅದೇ ದಿನ)

ತಮ್ಮಾ, ಓದಿ ಸುಮ್ಮನೆ ಕೂತೆ ಸ್ವಲ್ಪ ಹೊತ್ತು. ಡೈರಿ ಕೇಳದೇ ತೆಗೆದದ್ದು ತಪ್ಪೇ. ಆದರೂ ಒಳ್ಳೇದಾಯ್ತು.

ಆ ಹುಡುಗಿಯ ಬಗ್ಗೆ ಜಾಸ್ತಿ ಬರೀಲಿಲ್ಲ ನೀನು. ಹೇಳದೇ ಕೇಳದೇ ಬಂದ ಇಬ್ಬರಿಗೆ ಕರೆಂಟಿಲ್ಲದ ಮನೆಯಲ್ಲಿ ಕಡುಬು ಕಟ್ಟಿದ್ದು ಅವಳು. ಕಳಲೆ ಅಂದರೆ ಸುಮ್ನೆ ಅಲ್ಲ. ಹೆಚ್ಚಿ ಮೂರು ದಿನ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಬೇಕು, ಇಲ್ಲದಿದ್ದರೆ ಅದರ ಕಹಿ, ವಿಷ ಹೋಗಲ್ಲ. ನೀನು ಬರುವ ಮೊದಲೇ ಮನೆಯವರಿಗೆ ಅಂತ ನೆನೆಹಾಕಿದ್ದನ್ನು ನಿಮಗೆ ಬಡಿಸಿದ್ದಾಳೆ. ಅವಳಿಗೆ ಒಂದು ಫೋನ್ ಮಾಡು.

ಎಣ್ಣೆ ಇಂಜಿನಿಯರ್

ಅಕ್ಕಾ, ನನ್ನ ಹೆಂಡತಿಯೂ ಇದನ್ನೇ ಅಂದಳು. ನಿನ್ನೆ ಇಬ್ಬರೂ ಮಾತಾಡಿದ್ದಾರೆ, ಮುಕ್ಕಾಲು ಗಂಟೆ. ದಸರಾ ರಜೆಗೆ ಬರ್ತೀವಿ ಅಂತ ಹೇಳಿಯೂ ಆಗಿದೆ. ನನ್ನನ್ನು ಕೇಳಿಲ್ಲ.

ಹಳಿ ಮೇಲೊಬ್ಬ

ಸರ್, ಟಾರ್ಚ್ ಬಿದ್ದಿದ್ದು ಯಾವ ಸೇತುವೆ? ನಂಬರ್ ನೆನಪಿದೆಯಾ? ದೋಣಿಗಾಲ್ ಕಡೆಯಿಂದ ಎಷ್ಟನೇ ಸುರಂಗ ಆದ ಮೇಲೆ?

ಟಿಡಿಆರ್ ಹಾಕಿದಿರಾ?

ಎಣ್ಣೆ ಇಂಜಿನಿಯರ್

ಹಾಕಿದೆ. ಸೇತುವೆ ನಂಬರ್ ನೆನಪಿಲ್ಲ. ಕಡುಬು ಒಂದು ಹೇಳ್ತಾನೆ, ಗೂಡ್ಸ್ ಇನ್ನೊಂದು ಹೇಳ್ತಾನೆ. ರಾತ್ರಿ ಒಂದು ಗಂಟೆ ತನಕ ಅದೇ ಜಗಳ.

ಎಲ್ಲರಿಗೂ ಇನ್ನೊಂದು ಪ್ರಶ್ನೆ. ಮೂರು ಸೆಲ್ಲಿನ ಹಳೇ ಹಿತ್ತಾಳೆ ಟಾರ್ಚ್ ಎಲ್ಲಾದರೂ ಸಿಗುತ್ತಾ? ಆನ್‌ಲೈನ್‌ನಲ್ಲಿ ನೋಡಿದರೆ ಎಲ್ಲಾ ಪ್ಲಾಸ್ಟಿಕ್ಕು, ಎಲ್‌ಇಡಿ, ಚಾರ್ಜಿಂಗು. ಅದನ್ನು ಕೊಟ್ಟರೆ ಅಪ್ಪಾಜಿ ಡೈರಿಯಲ್ಲಿ ಏನು ಬರೀತಾರೋ ಅಂತ ಭಯ.

ಫ್ರಾಂಕ್‌ಫರ್ಟ್ ದಾವಣಗೆರೆ

ಬೆಂಗಳೂರಿನಲ್ಲಿ ಚಿಕ್ಕಪೇಟೆ ಹತ್ತಿರ, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ಭಾನುವಾರದ ಸಂಡೆ ಬಜಾರ್ ಇದೆಯಲ್ಲ, ಅಲ್ಲಿ ನೋಡಿ. ಹಳೇ ರೇಡಿಯೋ, ಗಡಿಯಾರ, ಬೀಗ ಎಲ್ಲ ನೆಲದ ಮೇಲೆ ಹಾಕಿಕೊಂಡು ಕೂತಿರ್ತಾರೆ. ಬೆಳಗ್ಗೆ ಬೇಗ ಹೋಗಿ. ಮೊದಲು ಹೇಳಿದ ಬೆಲೆಗೆ ಒಪ್ಪಬೇಡಿ.

ಅಂದಹಾಗೆ, ನಿಮ್ಮ ಪೋಸ್ಟ್ ಓದಿ ನಾನು ಆ ಗೆಳೆಯನಿಗೆ ಮೆಸೇಜ್ ಹಾಕಿದೆ. ಸಾಕ್ಸ್ ವಿಷಯ ನೆನಪಿದೆಯಾ ಅಂತ. ಇನ್ನೂ ನೋಡಿಲ್ಲ.

ಎಣ್ಣೆ ಇಂಜಿನಿಯರ್

ಈ ಭಾನುವಾರವೇ ಹೋಗ್ತೀನಿ. ಉರಿಸಿ ನೋಡದೇ ತಗೋಬಾರದು ಅಲ್ವಾ? ದಪ್ಪ ಸೆಲ್ಲು ಮೂರು ಈಗಲೇ ತಂದು ಬ್ಯಾಗಿನಲ್ಲಿ ಹಾಕಿದ್ದೀನಿ.